ಆಲೆಮನೆಯಲ್ಲಿ ಗೌಡರ ‘ಹ್ಞೂಂ’

2019ರ ಜನವರಿ ಎಂಟು, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ. ಒಂದೂರಿನ ಆಲೆಮನೆಯಲ್ಲಿ ಕೊಪ್ಪರಿಗೆ ತುಂಬ ಕಬ್ಬಿನ ಹಾಲು ಕುದಿಯುತ್ತಿತ್ತು. ಆಲೆಮನೆಯ ಯಜಮಾನರು ಒಬ್ಬ ಸಿರಿವಂತ ಗೌಡರು. ಬೆಲ್ಲದ ಪಾಕ ನೋಡುವವನು ಮೊಗಣ್ಣ, ಇಪ್ಪತ್ತಾರು ವರ್ಷ ಅದೇ ಒಲೆಯ ಮುಂದೆ ನಿಂತವನು. ಆದರೂ ನೋಡಿ, ಹದ ಬಂದಾಗ ಕೊಪ್ಪರಿಗೆ ಇಳಿಸಲು ಗೌಡರೇ ‘ಹ್ಞೂಂ’ ಅನ್ನಬೇಕು. ಅಲ್ಲಿನ ಕಟ್ಟಳೆ ಅದು.

ಅವತ್ತು ಗೌಡರಿಗೆ ಪಕ್ಕದ ಊರಿನಲ್ಲಿ ಭಾಷಣವಿತ್ತು. ವಿಷಯ ಏನು ಗೊತ್ತೇ? ಕೆಲಸಗಾರರನ್ನು ನಡೆಸಿಕೊಳ್ಳುವ ಬಗೆ! “ಹತ್ತಕ್ಕೆ ಬಂದ್ಬುಡ್ತೀನಿ, ನಾನಿಲ್ದೆ ಇಳಿಸ್ಬೇಡಿ” ಎಂದು ಎಂಟಕ್ಕೇ ಹೊರಟಿದ್ದರು. ಭಾಷಣ ಬೆಳೆಯಿತು. ಫೋನು ಆಫ್.

ಹತ್ತೂಕಾಲಿಗೆ ಪಾಕ ಹದಕ್ಕೆ ಬಂತು. ನೀರಿಗೆ ಬಿಟ್ಟ ಹನಿ ಉಂಡೆ ಕಟ್ಟಿತು. ಇನ್ನೈದು ನಿಮಿಷ ಬಿಟ್ಟರೆ ಸೀದು ಹೋಗುತ್ತದೆ. ಮೊಗಣ್ಣನಿಗೆ ಗೊತ್ತು, ಉರಿ ಹಾಕುವವಳಿಗೂ ಗೊತ್ತು. ಇಳಿಸಿದರೇ? ಇಲ್ಲ. ಯಾರೂ ಇಳಿಸಲಿಲ್ಲ.

ಗೌಡರು ಬಂದಾಗ ಕೊಪ್ಪರಿಗೆಯಲ್ಲಿ ಇದ್ದದ್ದು ಡಾಂಬರು.

“ಕಣ್ ಕಾಣ್ಲಿಲ್ವೇನಯ್ಯಾ?”

“ಕಣ್ ಕಾಣ್ತು ಗೌಡ್ರೇ. ನಿಮ್ ಹ್ಞೂಂ ಕೇಳ್ಲಿಲ್ಲ.” ಮೊಗಣ್ಣ ಟವೆಲ್ ಕೊಡವಿ ಹೆಗಲಿಗೆ ಹಾಕಿದ. “ನಾಳೆಯಿಂದ ಬೇರೆ ಆಲೆಮನೆ ನೋಡ್ಕೋತೀನಿ. ಮೊಗಣ್ಣ ಪಾಕ ಸೀಸ್ದ ಅಂತ ಊರೆಲ್ಲ ನಗ್ತದೆ.”

ಗೌಡರು ಅವನ ದಾರಿಗೆ ಅಡ್ಡ ಬಂದರು. ಅಂಥ ಪಾಕದವನು ಸುತ್ತಮುತ್ತ ಇನ್ನೊಬ್ಬನಿಲ್ಲ. “ಇನ್ನೊಂದ್ ಕೊಪ್ಪರಿಗೆ ಏರ್ಸು ಮಾರಾಯ. ನಾನು ಬಾಯೇ ಬಿಡಲ್ಲ.”

“ಬಾಯ್ ಮುಚ್ಕೊಂಡೂ ಹ್ಞೂಂ ಅನ್ಬೋದು ಗೌಡ್ರೇ. ಆಚೆ ಹೋಗಿ ನಿಂತ್ಕಳಿ.”

ಉರಿ ಹಾಕುವವಳು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ಗೌಡರೂ ನಕ್ಕು ಆಚೆ ಹೋಗಿ ಹುಣಸೆಮರದ ಕೆಳಗೆ ನಿಂತರು. ಎರಡು ಸಲ ಕಾಲು ಒಳಕ್ಕೆಳೆಯಿತು. ಎರಡು ಸಲವೂ ತಡೆದರು. ಕೊಪ್ಪರಿಗೆ ಇಳಿಯಿತು. ಅಚ್ಚಿನಿಂದ ಬಿದ್ದ ಬೆಲ್ಲಕ್ಕೆ ಜೇನಿನ ಬಣ್ಣ. ಮೊದಲ ತುಂಡನ್ನು ಮೊಗಣ್ಣನೇ ತಂದು ಅವರ ಕೈಗಿಟ್ಟ. “ನಾಳೆ ಎಷ್ಟೊತ್ಗೆ ಬರ್ಲಿ?” ಎಂದ.

ನಗುತ್ತಿದ್ದೀರಿ, ಒಳ್ಳೆಯದು. ನಿಮ್ಮ ಕಚೇರಿಯಲ್ಲಿ, ಶಾಲೆಯಲ್ಲಿ, ಸಂಘದಲ್ಲಿ ಈಗ ಯಾರು ಯಾರು ನಿಮ್ಮ ‘ಹ್ಞೂಂ’ಗಾಗಿ ಕಾಯುತ್ತಾ ನಿಂತಿದ್ದಾರೆ? ಏನೇನು ಸೀಯುತ್ತಿದೆ? ನಾಳೆ ಬೆಳಿಗ್ಗೆ ಒಂದು ಕೆಲಸ, ಒಂದೇ ಒಂದು, ಅದನ್ನು ಬಲ್ಲವರಿಗೆ ಬಿಡಿ. ತೀರ್ಮಾನ ಅವರದು ಎಂದು ನಾಲ್ಕು ಜನರ ಎದುರು ಹೇಳಿ. ಕೆಟ್ಟರೆ ಹೊಣೆ ನನ್ನದು ಎಂದೂ ಹೇಳಿ. ಆಮೇಲೆ? ಆಮೇಲೆ ಎದ್ದು ಆಚೆ ಹೋಗಿ. ಎಷ್ಟು ದೂರ ಎನ್ನುತ್ತೀರಾ? ಒಲೆಯಿಂದ ಆ ಹುಣಸೆಮರದವರೆಗೆ ನಾನೇ ಟೇಪು ಹಿಡಿದು ಅಳೆದಿದ್ದೇನೆ: ಹದಿನಾಲ್ಕೂವರೆ ಮೀಟರು.