ಹುಲೆಪ್ಪ ಮಾಸ್ತರರು ಹುಡುಕಿದ ಏಳು ಗಿರಾಕಿಗಳು

ಸೇರಿರುವ ಎಲ್ಲ ಹಿರಿಯರಿಗೆ ಶರಣು, ಜೈ ಭೀಮ್. ಮಾಸ್ತರರ ಹೆಂಡತಿ ಭಾಗಮ್ಮಕ್ಕಾ, ಅವರ ಮಗಳು ಪಲ್ಲವಿ — ನಿಮ್ಮ ಮುಂದೆ ನಿಂತು ಮಾತಾಡುವ ಧೈರ್ಯ ನನಗಿಲ್ಲ. ಆದರೂ ನಿಂತಿದ್ದೇನೆ. ನಾನು ಸುವರ್ಣಾ, ನಿಂಬರ್ಗಾದವಳು. ಆಳಂದದ ಈ ಹೊಲಿಗೆ ಕೇಂದ್ರದಲ್ಲಿ ಹುಲೆಪ್ಪ ಮಾಸ್ತರರ ಜೊತೆ ಒಂಬತ್ತು ವರ್ಷ ಕೆಲಸ ಮಾಡಿದೆ. ಅವರು ಬಟ್ಟೆ ಕತ್ತರಿಸುತ್ತಿದ್ದರು, ನಾವು ಇಪ್ಪತ್ತಾರು ಹೆಣ್ಣುಮಕ್ಕಳು ಹೊಲಿಯುತ್ತಿದ್ದೆವು.

ಮಾಸ್ತರರು ಓದಿದ್ದು ಏಳನೇ ಇಯತ್ತೆ. ಆದರೆ ವ್ಯಾಪಾರದ ಪಾಠವನ್ನು ಅವರಷ್ಟು ಸರಳವಾಗಿ ಹೇಳಿದವರನ್ನು ನಾನು ಕಾಣೆ. ಒಮ್ಮೆ, ಹೊರದೇಶಕ್ಕೆ ಹೋಗುವ ಮಕ್ಕಳ ಫ್ರಾಕೊಂದನ್ನು ಹೀಗೆ — ಹೀಗೆ ಎರಡೂ ಕೈಯಲ್ಲಿ ಎತ್ತಿ ಹಿಡಿದು ಹೇಳಿದರು: "ನೋಡ್ರಿ ಬೇ, ಇದರ ಹತ್ತಿ ನಮ್ಮ ಜೇವರ್ಗಿ ಹೊಲದ್ದೇ ಇರಬಹುದು. ನೂಲು ಒಂದೂರಾಗ, ಅರಿವಿ ಒಂದೂರಾಗ, ಹೊಲಿಗಿ ನಮ್ಮಲ್ಲಿ, ಹಾಕ್ಕೊಳ್ಳೋ ಕೂಸು ಸಮುದ್ರದ ಆಚಿ. ನಡುವ ಎಷ್ಟು ಕೈ ಅದಾವ! ಎಲ್ಲಾಕಿಂತ ಕಮ್ಮಿ ಸಿಗೋದು ನಮ್ಮ ಕೈಗೆ. ಯಾಕ? ಹೊಲಿಯೋ ಕೈ ಜಗತ್ತಿನಾಗ ಭಾಳ ಅದಾವ. ನಾವು ಒಲ್ಲೆ ಅಂದ್ರ ಬಾಂಗ್ಲಾದಾಕಿ ಹೊಲೀತಾಳ. ಆಕೀಗಿ ಬೈಬ್ಯಾಡ್ರಿ. ಆಕೀನೂ ನಿಮ್ಮಂಗ ಹೊಟ್ಟಿಗಾಗಿ ದುಡಿಯಾಕತ್ಯಾಳ."

ಕಳೆದ ವರ್ಷ ಆ ದೂರದ ದೇಶ, ಇಲ್ಲಿಂದ ಹೋಗುವ ಬಟ್ಟೆಯ ಮೇಲೆ ಸುಂಕ ಏರಿಸಿತು. ನಮ್ಮ ಫ್ರಾಕು ಅಲ್ಲಿ ದುಬಾರಿಯಾಯಿತು. ಅಲ್ಲಿಯ ಅಂಗಡಿಯವರು ಬೇರೆ ಕಡೆಯಿಂದ ತರಿಸಿಕೊಂಡರು. ನಮಗೆ ಕೆಲಸ ಕೊಡುತ್ತಿದ್ದ ಸೊಲ್ಲಾಪುರದ ವ್ಯಾಪಾರಿ ಫೋನು ಮಾಡಿ, "ಕೆಲಸ ಬಂದ್ ಮಾಡ್ರಿ" ಎಂದ. ಅಷ್ಟೇ. ಇಪ್ಪತ್ತಾರು ಮಷೀನು ನಿಂತವು.

ಆವತ್ತು ನಾನು — ಇದನ್ನು ಇಲ್ಲಿ ಹೇಳಲೇಬೇಕು — ಎಲ್ಲರೆದುರು ಮಾಸ್ತರರ ಮೇಲೆ ಕೂಗಾಡಿದೆ. "ಜಗತ್ತಿನ ಪಾಠ ಹೇಳಿದ್ರಿ, ಈಗ ನಮ್ಮ ಒಲಿ ಹ್ಯಾಂಗ ಉರೀಬೇಕ್ರಿ? ನಿಮ್ಮ ಮಾತು ನಂಬಿ ಹೊಲದ ಕೆಲಸ ಬಿಟ್ಟು ಬಂದೇವಿ" ಅಂದೆ. ಅವರು ಕತ್ತರಿ ಕೆಳಗಿಟ್ಟರು. "ಖರೇ ಅದ ತಂಗಿ. ಒಬ್ಬನೇ ಗಿರಾಕಿ ಇದ್ರ ಅಂವ ಗಿರಾಕಿ ಅಲ್ಲ, ಮಾಲಕ. ಇದು ನನಗ ಮೊದಲೇ ತಿಳೀಬೇಕಿತ್ತು" ಅಂದರು. ನಾನು ಸಿಟ್ಟಿನಲ್ಲೇ ಊರಿಗೆ ಹೊರಟುಹೋದೆ.

ಮರುದಿನ ಮೂರು ನಮೂನೆಯ ಶಾಲೆ ಅಂಗಿ ತಾವೇ ಕತ್ತರಿಸಿ, ತಾವೇ ಹೊಲಿದು, ಚೀಲದಲ್ಲಿಟ್ಟುಕೊಂಡು ಹೊರಟರು. ಅರವತ್ತೆರಡರ ವಯಸ್ಸು. ಎದೆನೋವಿದ್ದದ್ದು ಭಾಗಮ್ಮಕ್ಕನಿಗೆ ಮಾತ್ರ ಗೊತ್ತು. ಹನ್ನೊಂದು ದಿನ — ಜೇವರ್ಗಿ, ಕೊಳಕೂರ, ಅಫಜಲಪುರ, ಅತನೂರ — ಅಂಗಡಿ ಅಂಗಡಿ ತಿರುಗಿದರು. "ಇದಕ್ಕಿಂತ ಸಸ್ತಾ ಮಾಲು ಬರ್ತದ" ಎಂದು ಕಳಿಸಿದವರೇ ಹೆಚ್ಚು. ಅತನೂರಿನ ಅಂಗಡಿಯ ಮಹಾದೇವಪ್ಪನವರು ಇಲ್ಲೇ ಕೂತಿದ್ದಾರೆ. ಅವರೆದುರು ಮಾಸ್ತರರು ಅಂಗಿಯ ಹೊಲಿಗೆಯನ್ನು ಜಗ್ಗಿ ಜಗ್ಗಿ ತೋರಿಸಿ, "ಸಸ್ತಾ ಅಂಗಿ ದೀಪಾವಳಿ ಬರೋದ್ರಾಗ ಹರೀತದ್ರಿ. ಇದು ಅಣ್ಣ ಬಿಟ್ಟ ಮ್ಯಾಲ ತಮ್ಮಗೂ ಬರ್ತದ" ಅಂದರಂತೆ. ಮಹಾದೇವಪ್ಪನವರು ಒಪ್ಪಿದರು. ಅವರು ಏಳನೆಯ ಗಿರಾಕಿ. ಕೊನೆಯವರು.

ಅಂದು ಸಂಜೆ ಆಳಂದ ಬಸ್ ನಿಲ್ದಾಣದಲ್ಲಿ ಎಲ್ಲರೂ ಇಳಿದರು. ಮಾಸ್ತರರು ಇಳಿಯಲಿಲ್ಲ. ಕಂಡಕ್ಟರ್ ಭುಜ ಅಲುಗಿಸಿ, "ಯಜಮಾನ್ರ, ಆಳಂದ ಬಂತ್ರಿ" ಅಂದನಂತೆ. — ಎರಡು ಸಲ ಅಂದನಂತೆ.

ಚೀಲದಲ್ಲಿ ಒಂದು ಹಾಳೆ ಇತ್ತು. ಏಳು ಅಂಗಡಿಗಳ ಹೆಸರು, ಅದರ ಕೆಳಗೆ ಯಾರು ಏನು ಹೊಲಿಯಬೇಕು ಎಂಬುದು. ಬಸ್ಸಿನ ಕುಲುಕಾಟಕ್ಕೆ ಅಕ್ಷರಗಳು ಓರೆಯಾಗಿದ್ದವು. ಆ ಕೆಲಸದ ಪಟ್ಟಿಯ ಮೊದಲ ಸಾಲು ಓದುತ್ತೇನೆ — "ಕಾಲರ್ ಸುವರ್ಣಾಗ. ಆಕಿ ಕೈ ಛಲೋ ಅದ. ಸಿಟ್ಟಾಗ್ಯಾಳ, ನಾನೇ ಹೋಗಿ ಕರೀಬೇಕು."

ಮಾಸ್ತರರೇ — ನೀವು ಕರೆಯಲು ಬರಲಿಲ್ಲ. ನಾನೇ ಬಂದೆ. ಏಳೂ ಅಂಗಡಿಗಳ ಅಂಗಿ ಹೊಲಿದು ಕಳಿಸಿದೆವು. ಕಣ್ಣು ಮಂಜಾಗಿ ಒಂದೊಂದು ಕಾಲರನ್ನು ಎರಡೆರಡು ಸಲ ಬಿಚ್ಚಿ ಹೊಲಿದೆ. ಹದಿನೆಂಟು ಮಷೀನು ನಡೆದಿವೆ. ಉಳಿದ ಎಂಟು ಜನರನ್ನು ಇನ್ನೂ ಕರೆಯಲಾಗಿಲ್ಲ.

ಅವರಿಗೆ ಹೇಳಬೇಕಾದ ಮಾತೊಂದು ನನ್ನಲ್ಲೇ ಉಳಿಯಿತು. ಭಾಗಮ್ಮಕ್ಕಾ, ನಿಮಗೆ ಹೇಳುತ್ತೇನೆ. ತಪ್ಪಾಯಿತು.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ನಮಗಾಗಿ ಕೆಲಸ ಹುಡುಕುತ್ತ ಹೋದವರ ಹೆಸರಲ್ಲಿ ಎರಡು ನಿಮಿಷ — ಯಾರೂ ಮಾತಾಡುವುದು ಬೇಡ.