ಕೊನ್ಚಿಂಗ್ ಚಿಕ್ಕಮ್ಮನ ಚಾಕು

ಮಳೆಯ ಸಂಜೆ. ನಮ್ಮ ಕಸೂತಿ ಮನೆಯಲ್ಲಿ ಕರೆಂಟು ಹೋಗಿ, ನಾವು ಏಳು ಹೆಂಗಸರು ಚೌಕಟ್ಟುಗಳನ್ನು ಗೋಡೆಗೆ ಒರಗಿಸಿ, ನಮ್ಮೆಲ್ಲರ ಅಜ್ಜಿಯಂತಿದ್ದ ಲೋಲಾ ಇದಾಂಗ್ ಕಾಸಿದ ಕಡು ಕಾಫಿಯ ಸುತ್ತ ಕೂತಿದ್ದೆವು. ಲುಮಿಂಗ್ ಮಾತ್ರ ಕಿಟಕಿಯ ಬಳಿ ನಿಂತಿದ್ದಳು. ಒಂದು ವಾರದಿಂದ ಒಬ್ಬ ಗಂಡಸು ಸೇತುವೆಯವರೆಗೂ ಅವಳ ಹಿಂದೆ ಬರುತ್ತಿದ್ದ. ಈಗಲೂ ಎದುರಿನ ಹಲಸಿನ ಮರದ ಕೆಳಗೆ ಕೊಡೆ ಹಿಡಿದು ಕಾಯುತ್ತಿದ್ದ.

"ನಾಳೆಯಿಂದ ನಾನು ಕೆಲಸಕ್ಕೆ ಬರಲ್ಲ, ಲೋಲಾ," ಅಂದಳು.

ಲೋಲಾಗೆ ವಯಸ್ಸು ಎಂಬತ್ತೆರಡು. ಸಿಟ್ಟು ಮಾತ್ರ ಇಪ್ಪತ್ತರದ್ದು.

"ಅವನು ಬರೋದು ಬಿಡ್ಲಿ, ನೀನ್ಯಾಕೆ ಬಿಡ್ತೀಯ? ಕೇಳಿಲ್ಲಿ... ನಮ್ಮ ಬತಾಂಗಾಸ್ ಸೀಮೆಯ ಹೆಂಗಸ್ರು ಸೊಂಟದಲ್ಲಿ ಬಾಲಿಸೋಂಗ್ ಇಲ್ದೆ ಸಂತೆಗೆ ಹೋಗಿದ್ದುಂಟಾ? ಹಿಡಿಯೊಳಗೇ ಮಡಚಿಕೊಳ್ಳೋ ಚಾಕು. ಅದರಲ್ಲಿ ಯಾರನ್ನ ಇರಿದ್ವಿ ಹೇಳು? ಯಾರನ್ನೂ ಇಲ್ಲ! ಬಿಚ್ಚೋ ಸದ್ದು ಕೇಳಿದ್ರೇ ಸಾಕು, ಪೋಕರಿಗಳು ಬಾಲ ಮುದುರ್ಕೊಳ್ಳೋರು. ನಮ್ಮ ಕೊನ್ಚಿಂಗ್ ಚಿಕ್ಕಮ್ಮನ ಚಾಕುವಿಗೆ ಒಂದು ಮೊಳೆ ಸಡಿಲ. ಟಕ್, ಟಕ್... ಆಮೇಲೆ ತಡವಾಗಿ ಇನ್ನೊಂದು ಟಕ್. ಊರಿಗೆಲ್ಲ ಗೊತ್ತಿದ್ದ ಸದ್ದು.

"ಒಂದಿನ ಊರ ಮುಖಂಡ ಬಂದ. 'ಹೆಂಗಸ್ರ ಕೈಲಿ ಚಾಕು ಇದ್ರೆ ಊರಿಗೆ ಕೆಟ್ಟ ಹೆಸರು, ನಿಮ್ಮನ್ನ ಕಾಯೋಕೆ ನಾವಿಲ್ವಾ' ಅಂತ ಎಲ್ಲರ ಚಾಕೂನೂ ಡಬ್ಬಿಗೆ ತುಂಬ್ಕೊಂಡು ಹೋದ. ಕೊಟ್ವಿ ನಾವು, ದಡ್ಡಿಯರು! ಹತ್ತನೇ ದಿನ ಚಿಕ್ಕಮ್ಮನ ಹೆಣ ಸೇತುವೆ ಮೇಲೆ ಸಿಕ್ತು. ಕೈ ಸೊಂಟದ ಮೇಲೇ ಇತ್ತು... ಖಾಲಿ ಸೊಂಟದ ಮೇಲೆ. ಯಾರು ಕೊಂದದ್ದು ಅಂತ ಯಾರಿಗೂ ಗೊತ್ತಾಗಲಿಲ್ಲ. ಮುಖಂಡ ತಲೆ ತಗ್ಗಿಸಿ ಅವಳ ಚಾಕು ವಾಪಸ್ ತಂದ. ಹೆಣದ ಪೆಟ್ಟಿಗೆಯೊಳಗೆ ಅವಳ ಕೈಗೆ ಅದನ್ನ ಇಟ್ಟಿದ್ದು ನಾನೇ. ನಾನೇ, ತಿಳೀತಾ?

"ತಿಂಗಳಾದ ಮೇಲೆ ಅದೇ ಸೇತುವೆ ಮೇಲೆ ಮೀನು ಮಾರೋ ತಾಸ್ಯೋ ನನಗೆ ಅಡ್ಡ ನಿಂತ. ನನ್ನ ಕೈಲಿ ಏನಿತ್ತು? ಕಸೂತಿ ಬಟ್ಟೆಯ ಗಂಟು, ಅಷ್ಟೇ. ಆಗ ನನ್ನ ಬೆನ್ನ ಹಿಂದೆ... ಟಕ್, ಟಕ್... ಟಕ್. ತಾಸ್ಯೋ ನನ್ನ ಭುಜದಾಚೆ ನೋಡ್ದ. 'ಬೇಡ ಕೊನ್ಚಿಂಗ್, ತಪ್ಪಾಯ್ತು' ಅಂತ ಅರಚ್ಕೊಂಡು ಓಡ್ದ ನೋಡಿ! ಕೊಂದದ್ದನ್ನ ಅವನ ಬಾಯೇ ಊರಿಗೆಲ್ಲ ಹೇಳ್ತು. ಮಾರನೇ ಬೆಳಿಗ್ಗೆ ನಾವೆಲ್ಲ ಹೋಗಿ ಮುಖಂಡನ ಬಾಗಿಲು ಬಡಿದು ನಮ್ಮ ಚಾಕುಗಳನ್ನ ತಂದ್ವಿ."

ಲೋಲಾ ಎರಡೂ ಕೈಯಲ್ಲಿ ಲೋಟ ಹಿಡಿದು ಕಾಫಿ ಹೀರಿದರು. ಹೊರಗೆ ಮಳೆಯ ನಡುವೆ ಏನೋ ಸದ್ದಾಯಿತು. ಎರಡು ಸಲ. ಆಮೇಲೆ ತಡವಾಗಿ ಇನ್ನೊಂದು ಸಲ.

ಲುಮಿಂಗ್ ಕಿಟಕಿಯಲ್ಲಿ ಬಗ್ಗಿ ನೋಡಿದಳು. ಹಲಸಿನ ಮರದ ಕೆಳಗೆ ಕೊಡೆಯೊಂದೇ ಮಗುಚಿ ಬಿದ್ದಿತ್ತು.

"ಇನ್ನೂ ನಿಂತಿದ್ದೀಯಾ? ಹೊರಡು ಮಗಳೇ," ಅಂದರು ಲೋಲಾ. "ಹಿಂದೆ ಹೆಜ್ಜೆ ಸದ್ದು ಕೇಳಿದ್ರೆ ಹೆದರ್ಬೇಡ, ತಿರುಗೂ ನೋಡ್ಬೇಡ. ನಾಳೆ ನಿನಗೊಂದು ಚಾಕು ಕೊಡಿಸ್ತೀನಿ... ಇವತ್ತಿಗೆ ಅವಳೇ ನಿನ್ನ ಜೊತೆ ಬರ್ತಾಳೆ."