ಮೂವತ್ತೊಂದನೆಯ ಪುಟದ ತಿದ್ದುಪಡಿ

ವೇದಿಕೆಯ ಮೇಲಿರುವ ಅಧ್ಯಕ್ಷರಾದ ಪರಮೇಶ್ವರ ಅವರೇ, ತಿಂಗಳುಗಟ್ಟಲೆ ಕುಳಿತು ಹಕ್ಕಿ ಎಣಿಕೆಯ ಈ ಪುಸ್ತಕವನ್ನು ಸಿದ್ಧಪಡಿಸಿದ ನಮ್ಮ ಬಳಗದ ಕಾರ್ಯದರ್ಶಿ ಚಂದ್ರಕಲಾ ಅವರೇ, ಈ ಬಿಸಿಲಿನಲ್ಲಿ ಬಬಲೇಶ್ವರ, ತಿಕೋಟಾಗಳಿಂದ ಬಸ್ಸು ಹಿಡಿದು ಬಂದಿರುವ ಪಕ್ಷಿಪ್ರಿಯರೇ, ಊಟದ ವಾಸನೆ ಬರುತ್ತಿದ್ದರೂ ಕುರ್ಚಿ ಬಿಟ್ಟು ಏಳದ ಸಭಿಕರೇ,

ನನಗೆ ಭಾಷಣದ ಅಭ್ಯಾಸವಿಲ್ಲ. ಭೂತನಾಳದ ಕಡೆ ನೀರಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನಾನು ದಿನವಿಡೀ ಮಾಪಕ ಓದುತ್ತೇನೆ, ಓದಿದ್ದನ್ನು ಬರೆಯುತ್ತೇನೆ, ಬರೆದದ್ದಕ್ಕೆ ಸಹಿ ಹಾಕುತ್ತೇನೆ. ಮಾಪಕದ ಜೊತೆ ಹೆಚ್ಚು ಮಾತು ಬೇಕಾಗುವುದಿಲ್ಲ.

ಅಧ್ಯಕ್ಷರು ಈಗಷ್ಟೇ ನನಗೆ ಶಾಲು ಹೊದಿಸಿ, ಈ ಫಲಕ ಕೊಟ್ಟು, ಒಂದು ಮಾತು ಹೇಳಿದರು. 'ಆಫ್ತಾಬ ಅವರು ಹದಿನೈದು ಬೇಸಿಗೆ ಅಳಿವೆಯ ಹಕ್ಕಿಗಳನ್ನು ಎಣಿಸಿದ್ದಾರೆ. ಅವರ ಪಟ್ಟಿಯಲ್ಲಿ ಒಂದೇ ಒಂದು ತಪ್ಪು ಹುಡುಕಿ ತೋರಿಸಿ' ಎಂದರು. ಫಲಕದ ಮೇಲೂ 'ತಪ್ಪಿಲ್ಲದ ಎಣಿಕೆಗಾಗಿ' ಎಂದು ಕೆತ್ತಿಸಿದ್ದಾರೆ. ತಪ್ಪು ಹುಡುಕಿದವರಿಗೆ ಬಹುಮಾನವನ್ನೇನೂ ಘೋಷಿಸಲಿಲ್ಲ. ಘೋಷಿಸಿದ್ದರೆ ಅದನ್ನೂ ನನಗೇ ಕೊಡಬೇಕಾಗುತ್ತಿತ್ತು.

ವಿಜಯಪುರದವನಿಗೆ ಅಳಿವೆಯೆಲ್ಲಿಂದ ಬಂತು ಎಂದು ಹೊಸಬರು ಕೇಳಬಹುದು. ನೌಕರಿಯ ಮೊದಲ ವರ್ಷಗಳನ್ನು ನಾನು ಕರಾವಳಿಯಲ್ಲಿ, ನದಿ ಸಮುದ್ರ ಸೇರುವ ಜಾಗದಲ್ಲಿ, ನೀರಿನ ಮಟ್ಟ ಅಳೆಯುತ್ತ ಕಳೆದೆ. ಆ ಅಳಿವೆಯ ಹೆಸರನ್ನು ಪುಸ್ತಕದಲ್ಲಿ ಹಾಕಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಹೇಳಿದರೆ ಮುಂದಿನ ಭಾನುವಾರ ನೀವೆಲ್ಲ ಅಲ್ಲಿರುತ್ತೀರಿ, ಹಕ್ಕಿಗಳಿರುವುದಿಲ್ಲ. ವರ್ಗವಾಗಿ ಊರಿಗೆ ಮರಳಿದ ಮೇಲೂ ಏಪ್ರಿಲ್ ಬಂದರೆ ಹತ್ತು ದಿನ ರಜೆ ಹಾಕಿ ಹೋಗುತ್ತಿದ್ದೆವು. ಹೋಗುತ್ತಿದ್ದೆ ಎಂದಲ್ಲ, ಹೋಗುತ್ತಿದ್ದೆವು. ನಾನು ಮತ್ತು ನನ್ನ ಪತ್ನಿ ಸಕೀನಾ.

ಏಪ್ರಿಲ್ಲೇ ಏಕೆ? ಚಳಿಗಾಲವಿಡೀ ಕೆಸರಿನ ಬಣ್ಣದಲ್ಲಿದ್ದ ಗೊರವ ಹಕ್ಕಿಗಳು ಆಗ ಎದೆಗೆ ಇಟ್ಟಿಗೆಯ ಕೆಂಪು ಹಚ್ಚಿಕೊಂಡು ಉತ್ತರಕ್ಕೆ ಹೊರಡಲು ಸಿದ್ಧವಾಗುತ್ತವೆ. ನೀರು ಇಳಿದಾಗ ಕೆಸರು ಬಯಲಿನ ತುಂಬ ಚದುರಿ ಮೇಯುವ ಆ ಹಕ್ಕಿಗಳನ್ನು ಯಾರೂ ಎಣಿಸಲಾರರು. ಉಬ್ಬರ ಏರತೊಡಗಿದಾಗ ನೀರೇ ಅವುಗಳನ್ನು ತಳ್ಳಿ ತಳ್ಳಿ ಒಂದು ಮರಳುದಿಬ್ಬದ ಮೇಲೆ ಒಟ್ಟು ಮಾಡುತ್ತದೆ. ದಿಬ್ಬ ಮುಳುಗುವ ಮೊದಲು ಎಣಿಸಿ ಮುಗಿಸಬೇಕು. ಅದಕ್ಕಾಗಿ ಇಬ್ಬರು ಬೇಕು. ಒಬ್ಬರು ದೂರದರ್ಶಕದಿಂದ ಕಣ್ಣು ತೆಗೆಯದೆ ಸಂಖ್ಯೆ ಹೇಳಬೇಕು, ಇನ್ನೊಬ್ಬರು ಪುಸ್ತಕದಿಂದ ತಲೆ ಎತ್ತದೆ ಬರೆಯಬೇಕು. ಪಟ್ಟಿಯ ಮೇಲೆ ನೋಡಿದವರ ಹೆಸರು ಬರುತ್ತದೆ, ಬರೆದವರ ಹೆಸರು ಬರುವುದಿಲ್ಲ. ಇದು ನಮ್ಮ ಬಳಗದ ನಿಯಮ. ಅಪರೂಪದ ಹಕ್ಕಿ ಕಂಡರೆ ಛಾಯಾಚಿತ್ರ ಇರಬೇಕು, ಇಲ್ಲವೇ ಇಬ್ಬರು ಕಂಡಿರಬೇಕು ಎಂಬುದೂ ನಿಯಮ. ಎರಡನ್ನೂ ಬರೆದವನು ನಾನೇ.

ಹನ್ನೆರಡು ವರ್ಷ ನಾನು ನೋಡಿದೆ, ಸಕೀನಾ ಬರೆದಳು.

ಸಕೀನಾಳ ತವರು ತಿಕೋಟಾ. ಮಾವನವರಾದ ಬುಡ್ಡೇಸಾಬ ಅವರದು ದ್ರಾಕ್ಷಿ ತೋಟ. ಹಣ್ಣು ಮಾಗುವ ಕಾಲದಲ್ಲಿ ಹಕ್ಕಿ ಓಡಿಸುವ ಕೆಲಸ ಚಿಕ್ಕಂದಿನಿಂದಲೂ ಆಕೆಯದು. ಕವಣೆ ಬೀಸುವ ಮೊದಲೇ, ಬಂದದ್ದು ಗಿಣಿಯೋ ಗೊರವಂಕವೋ, ಎಷ್ಟು ಬಂದಿವೆ, ಯಾವ ಸಾಲಿಗೆ ಇಳಿಯುತ್ತವೆ ಎಂದು ಹೇಳುತ್ತಿದ್ದಳಂತೆ. ನಾವು ಮೊದಲ ಸಲ ಎಣಿಕೆಗೆ ಹೊರಟಾಗ ಅತ್ತೆಯವರಾದ ಬಾನುಬಿ ಬಾಗಿಲಲ್ಲಿ ನಿಂತು, "ಏನ್ ಅಳಿಯಾರ, ನನ್ ಮಗಳು ಸಾಲಿ ಬಿಟ್ಟು ಹಕ್ಕಿ ಓಡ್ಸಿದಳು. ಈಗ ಅವೇ ಹಕ್ಕಿ ಹಿಂದ ಕೆಸರಾಗ ನಿಂದ್ರಸ್ತೀರಿ? ಅವಕ್ಕೂ ಸೇಡು ತೀರಿತು ಬಿಡ್ರಿ!" ಎಂದಿದ್ದರು. ನಾವು ಬಸ್ಸಿನಲ್ಲಿ ಬಹಳ ಹೊತ್ತು ನಕ್ಕಿದ್ದೆವು. ಇದನ್ನೇಕೆ ಹೇಳುತ್ತಿದ್ದೇನೆ? ಕ್ಷಮಿಸಿ, ವಿಷಯಕ್ಕೆ ಬರುತ್ತೇನೆ.

ನನ್ನ ಎಡಗಣ್ಣು ಹುಟ್ಟಿನಿಂದ ಮಂದ. ಓದು ಬರಹಕ್ಕೆ ಸಾಕು, ಅರ್ಧ ಕಿಲೋಮೀಟರು ಆಚೆಯ ಹಕ್ಕಿಗೆ ಸಾಲದು. ನನ್ನ ಎಣಿಕೆಯೆಲ್ಲ ಬಲಗಣ್ಣಿನದು. ಸೋಂಕಿನ ಕಾಲದಲ್ಲಿ ಎರಡು ವರ್ಷ ಹೋಗಲಾಗಲಿಲ್ಲ. 2022ರ ಏಪ್ರಿಲಿನಲ್ಲಿ ದೂರದರ್ಶಕಕ್ಕೆ ಕಣ್ಣಿಟ್ಟಾಗ ನೋಟದ ನಡುವೆ, ಗಾಜಿನ ಮೇಲೆ ಹೆಬ್ಬೆರಳು ಒತ್ತಿದಂತೆ, ಒಂದು ಮಸುಕಿತ್ತು. ಗಾಜು ಒರೆಸಿದೆ. ಮತ್ತೆ ಒರೆಸಿದೆ. ಮಸುಕು ಗಾಜಿನ ಮೇಲಿರಲಿಲ್ಲ.

ಆಗ ನಾನೇನು ಮಾಡಬೇಕಿತ್ತು? ಯಂತ್ರ ಕೆಟ್ಟರೆ ಕೆಟ್ಟಿದೆ ಎಂದು ಬರೆದು ಬದಿಗಿಡುವುದು ನನ್ನ ಕಸುಬು. ನಾನು ಹೇಳಿದ್ದು, "ಯಾಕೋ ಕೈ ನಡುಗಾಕತ್ತೈತಿ. ಇವತ್ತ ನೀ ನೋಡು, ನಾ ಬರೀತೀನಿ" ಎಂದು. ಆಕೆ ನನ್ನ ಕೈ ನೋಡಿದಳು, ಮುಖ ನೋಡಿದಳು, ದೂರದರ್ಶಕದ ಬಳಿ ಕುಳಿತಳು. "ಸಣ್ಣವು ನೂರಾ ನಲ್ವತ್ತು. ಉದ್ದ ಚುಂಚದ್ವು ಆರು. ಅದರಾಗ ಒಂದು ಕುಂಟ ಐತಿ, ಬರ್ಕೊಳ್ರಿ" ಎಂದು ಹೇಳುತ್ತ ಹೋದಳು. ಹೀಗೆ ಮೂರು ಬೇಸಿಗೆ ನನ್ನ ಕೈ ನಡುಗಿತು. ಅಕ್ಷರ ಮಾತ್ರ ಒಂದೂ ನಡುಗಲಿಲ್ಲ. ನೋಡಿದವರ ಹೆಸರಿನ ಜಾಗದಲ್ಲಿ ಅದೇ ಅಕ್ಷರದಲ್ಲಿ ನನ್ನ ಹೆಸರನ್ನೇ ಬರೆಯುತ್ತ ಹೋದೆ.

ಕೊನೆಯದು 2024ರ ಏಪ್ರಿಲ್ ಒಂಬತ್ತು, ಬೆಳಿಗ್ಗೆ. ದಿಬ್ಬ ಮುಳುಗಲು ಇಪ್ಪತ್ತು ನಿಮಿಷವಿತ್ತು. ಸಕೀನಾ ಎಣಿಸುವುದನ್ನು ತಟ್ಟನೆ ನಿಲ್ಲಿಸಿದಳು.

"ರೀ, ಲಗೂನ ಬರ್ರಿ. ಇದು ಕಡಲಕಾಗಿ ಅಲ್ಲ. ಮೈಯೆಲ್ಲಾ ಬೆಳ್ಳಗ, ಬೆನ್ನು ಕರ್ರಗ. ಚುಂಚ ನೋಡ್ರಿ, ದಪ್ಪ ಚೂರಿ ಇದ್ದಂಗ ಐತಿ. ಏಡಿ ಕಚ್ಕೊಂಡು ಒಗ್ಯಾಕತ್ತೈತಿ, ನೋಡ್ರಿ!"

ಸಭಿಕರೇ, ಆಕೆ ಹೇಳಿದ್ದು ಏಡಿ ಗೊರವದ ತಪ್ಪಿಲ್ಲದ ವರ್ಣನೆ. ಆ ಹಕ್ಕಿಗಾಗಿ ನಾನು ಹದಿನಾರು ವರ್ಷ ಕಾದಿದ್ದೆ. ಓಡಿಹೋಗಿ ಕಣ್ಣಿಟ್ಟೆ. ಹೊಳೆಯುವ ನೀರು ಕಂಡಿತು, ಸುತ್ತ ಮರಳು ಕಂಡಿತು, ನಡುವೆ ಹೆಬ್ಬೆರಳಿನ ಗುರುತು ಕಂಡಿತು. 'ನನಗೆ ಕಾಣುತ್ತಿಲ್ಲ' ಎಂದರೆ ಮೂರು ವರ್ಷದ ಪಟ್ಟಿ ಬಿಚ್ಚಿಕೊಳ್ಳುತ್ತಿತ್ತು. ನಾನು, "ಕಡಲಕಾಗಿನ. ಬರ್ಕೊಳ್ಳೂವಂಥಾದ್ದೇನಿಲ್ಲ" ಎಂದೆ.

"ಹದಿನಾರು ವರ್ಷದಾಗ ಕಡಲಕಾಗಿ ನಾ ನೋಡಿಲ್ಲೇನ್ರಿ?" ಎಂದಳು. ನಾನು ಮತ್ತೆ ಗಾಜು ಒರೆಸಿದೆ. ಆಕೆ ಮೆತ್ತಗೆ, "ನಿಮಗ ಕಾಣಾಕತ್ತಿಲ್ಲ. ಹೌದಿಲ್ಲೋ?" ಎಂದಳು.

ಆ ಧ್ವನಿಯಲ್ಲಿ ತಪ್ಪು ಹಿಡಿದ ಗರ್ವವಿರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ನಾನು ಹೇಳಿದ್ದನ್ನು ಇದ್ದಂತೆಯೇ ದಾಖಲಿಸುತ್ತೇನೆ: "ಹಕ್ಕಿ ಓಡ್ಸೂದು ಬ್ಯಾರೆ, ಗುರ್ತು ಹಿಡ್ಯೂದು ಬ್ಯಾರೆ. ದ್ರಾಕ್ಷಿ ತ್ವಾಟ ಅಲ್ಲ ಇದು."

ಆಕೆ ಎದ್ದಳು. ದೂರದರ್ಶಕದ ಮೂರೂ ಕಾಲುಗಳ ಕೆಸರನ್ನು ಒರೆಸಿ, ಮಡಚಿ, ಚೀಲಕ್ಕೆ ಹಾಕಿದಳು. ಹುಬ್ಬಳ್ಳಿ ಬರುವವರೆಗೆ ಆಕೆ ಆಡಿದ ಮಾತು ಒಂದೇ: "ನೀರಿನ ಬಾಟ್ಲಿ ಎಲ್ಲೈತ್ರಿ?"

ಐದು ದಿನದ ನಂತರ ಕರಾವಳಿಯ ಗೆಳೆಯರೊಬ್ಬರು ಅದೇ ದಿಬ್ಬದ ಮೇಲೆ ಅದೇ ಹಕ್ಕಿಯ ಛಾಯಾಚಿತ್ರ ತೆಗೆದರು. ಚಂದ್ರಕಲಾ ಅವರು ಅದನ್ನು ನಮ್ಮೆಲ್ಲರ ಫೋನಿಗೆ ಕಳುಹಿಸಿದ್ದು ನಿಮಗೆ ನೆನಪಿರಬಹುದು. ಫೋನು ಊಟದ ತಟ್ಟೆಯ ಪಕ್ಕದಲ್ಲಿತ್ತು. ಸಕೀನಾ ಬಗ್ಗಿ ನೋಡಿದಳು. "ಫೋಟೋ ಚಂದ ಬಂದೈತಿ" ಎಂದು ಹೇಳಿ ನನಗೆ ಇನ್ನೊಂದು ರೊಟ್ಟಿ ಬಡಿಸಿದಳು. ಅಷ್ಟೇ. ನಾನಾದರೂ ಆಗ ಮಾತಾಡಬಹುದಿತ್ತು. ಮಾತಾಡಿದೆನೇ? ರೊಟ್ಟಿ ತಿಂದೆ.

ಕಳೆದ ವರ್ಷ ಆಕೆ ಬರಲಿಲ್ಲ. ನಾನೊಬ್ಬನೇ ಹೋದೆ. ನಾಲ್ಕು ಉಬ್ಬರ ಕುಳಿತು, ಖಾಲಿ ಪುಸ್ತಕದೊಂದಿಗೆ ಮರಳಿದೆ. 2025ರ ಎಣಿಕೆ ಏಕಿಲ್ಲ ಎಂದು ಕಾರ್ಯದರ್ಶಿಗಳು ಕೇಳಿದಾಗ ರಜೆ ಸಿಗಲಿಲ್ಲ ಎಂದೆ. ರಜೆ ಸಿಕ್ಕಿತ್ತು, ಚಂದ್ರಕಲಾ ಅವರೇ. ಕಣ್ಣಿಗೆ ಈಗ ಚಿಕಿತ್ಸೆ ನಡೆದಿದೆ. ಇನ್ನಷ್ಟು ಕೆಡದಂತೆ ತಡೆಯಬಹುದು, ಹೋದ ನೋಟ ಮರಳುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ.

ಆದ್ದರಿಂದ ನೀವು ಬಿಡುಗಡೆ ಮಾಡಿದ ಈ ಪುಸ್ತಕದಲ್ಲಿ, ಆ ಮೂರು ಬೇಸಿಗೆಯ ಪಟ್ಟಿಯಿರುವ ಮೂವತ್ತೊಂದನೆಯ ಪುಟದಲ್ಲಿ, ತಪ್ಪಿದೆ. ಅಚ್ಚಾಗಿ ಬಂದಿದೆ, ಮತ್ತೆ ಅಚ್ಚು ಹಾಕಿಸಲಾಗದು ಎಂಬುದು ಗೊತ್ತು. ಅದಕ್ಕಾಗಿ ನಾನು ಚೀಟಿಗಳನ್ನು ಮಾಡಿಸಿ ತಂದಿದ್ದೇನೆ. ಪುಸ್ತಕದ ಪ್ರತಿಗಳು ಇನ್ನೂರು, ಚೀಟಿಗಳು ಇನ್ನೂರ ಹತ್ತು. ಹತ್ತು ಹೆಚ್ಚಿಗೆ ಮಾಡಿಸಿದ್ದು ಕೆಲವರು ಓರೆಯಾಗಿ ಅಂಟಿಸುತ್ತೀರಿ ಎಂಬ ಅಂದಾಜಿನಿಂದ. ಬಾಗಿಲ ಬಳಿಯ ಮೇಜಿನ ಮೇಲೆ ಅಂಟೂ ಇದೆ. ಚೀಟಿಯಲ್ಲಿರುವುದನ್ನು ಓದುತ್ತೇನೆ:

'2022, 2023, 2024ರ ಎಣಿಕೆಗಳಲ್ಲಿ ನೋಡಿದವರು ಸಕೀನಾ, ತಿಕೋಟಾ. ಬರೆದವನು ಆಫ್ತಾಬ. 9 ಏಪ್ರಿಲ್ 2024, ಏಡಿ ಗೊರವ, ಒಂದು. ಕಂಡವರು ಸಕೀನಾ. ಜೊತೆಯಲ್ಲಿದ್ದವನಿಗೆ ಕಾಣಲಿಲ್ಲ, ಅವನ ಕಣ್ಣು ಕೆಟ್ಟಿತ್ತು.'

ನಾನೂ ಕಂಡೆ ಎಂದು ಬರೆದಿದ್ದರೆ ಇಬ್ಬರು ಕಂಡಿರಬೇಕು ಎಂಬ ನಿಯಮದಂತೆ ಆ ಹಕ್ಕಿ ಸುಲಭವಾಗಿ ಪಟ್ಟಿ ಸೇರುತ್ತಿತ್ತು. ಆದರೆ ನಾನು ಕಂಡಿಲ್ಲ. ಒಂದು ಸುಳ್ಳನ್ನು ತಿದ್ದಲು ಇನ್ನೊಂದು ಸುಳ್ಳು ಬರೆಯಲಾರೆ. ನಿಯಮ ಅಡ್ಡ ಬರುವುದಾದರೆ ಸಮಿತಿಯವರು ನಿರ್ಧರಿಸಲಿ. ನಿಯಮ ಬರೆದವನಿಗೆ ಆ ಸಭೆಯಲ್ಲಿ ಮತ ಬೇಡ.

ಇಂದು ಬೆಳಿಗ್ಗೆ ಸಕೀನಾಳನ್ನು ಕರೆದೆ. "ಅಲ್ಲಿ ನಂದೇನೈತ್ರಿ? ನೀವು ಹೋಗಿ ಬರ್ರಿ" ಎಂದಳು. ಈ ಚೀಟಿಯ ವಿಷಯವನ್ನು ನಾನು ಆಕೆಗೆ ಹೇಳಿಲ್ಲ. ಈ ಏಪ್ರಿಲ್ ಹದಿನೇಳನೆಯ ತಾರೀಖು ಅಮಾವಾಸ್ಯೆ, ಅಳಿವೆಯಲ್ಲಿ ದೊಡ್ಡ ಉಬ್ಬರ. ಹೊಸ ಪಟ್ಟಿಯಲ್ಲಿ ನೋಡುವವರ ಜಾಗದಲ್ಲಿ ಆಕೆಯ ಹೆಸರು ಬರೆದಿಟ್ಟಿದ್ದೇನೆ, ಪೆನ್ಸಿಲಿನಲ್ಲಿ. ಅದರ ಮೇಲೆ ಶಾಯಿ ಹಾಕುವುದು ಬಿಡುವುದು ಆಕೆಗೆ ಸೇರಿದ್ದು.

ಶಾಲು ಬೆಚ್ಚಗಿದೆ, ಈ ಊರಿನ ಈ ತಿಂಗಳಿಗೆ ಅಗತ್ಯಕ್ಕಿಂತ ಹೆಚ್ಚೇ. ಅದನ್ನು ಇಟ್ಟುಕೊಳ್ಳುತ್ತೇನೆ. ಫಲಕವನ್ನು ಇಲ್ಲಿಯೇ ಮೇಜಿನ ಮೇಲೆ ಬಿಡುತ್ತೇನೆ. ಪುಸ್ತಕದ ಒಂದು ಪ್ರತಿ ಮಾತ್ರ ಬೇಕು, ಮೊದಲ ಚೀಟಿ ಅಂಟಿಸಿದ್ದು. ಅಂಟು ಒಣಗುವವರೆಗೆ ಮಡಚಬಾರದು, ಬಿಚ್ಚಿದ ಪುಟದೊಂದಿಗೇ ಮನೆಗೆ ಒಯ್ಯುತ್ತೇನೆ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮ್ಮೆಲ್ಲರಿಗೂ ನಾನು ಋಣಿ. ನಮಸ್ಕಾರ.